ನೀಟ್ ಅರ್ಜಿಯಿಂದ ಕಾಲೇಜಿನ ಬಾಗಿಲವರೆಗೆ: ಕರ್ನಾಟಕದ ವಿದ್ಯಾರ್ಥಿಗಳಿಗೆ ಎಂಬಿಬಿಎಸ್ ಸೀಟಿನ ದಾರಿ

2025ರ ಮೇ 4ರಂದು ನಡೆದ ನೀಟ್ ಬರೆದವರು 22 ಲಕ್ಷಕ್ಕೂ ಹೆಚ್ಚು. ಅರ್ಹರಾದವರು 12.36 ಲಕ್ಷ. ದೇಶದಲ್ಲಿರುವ ಎಂಬಿಬಿಎಸ್ ಸೀಟುಗಳೋ ಒಂದೂಕಾಲು ಲಕ್ಷದ ಆಸುಪಾಸು. ಆ ವರ್ಷ ಸಾಮಾನ್ಯ ವರ್ಗಕ್ಕೆ ಅರ್ಹತೆಯ ಗೆರೆ 720ಕ್ಕೆ 144 ಅಂಕ. ಅಂದರೆ ಅಂಕಪಟ್ಟಿಯಲ್ಲಿ ‘ಅರ್ಹ’ ಎಂದು ಬಂದದ್ದಕ್ಕೂ ಸೀಟಿಗೂ ನಡುವೆ ಬಹಳ ದೂರವಿದೆ.

ಹೇಗೆ ಓದಬೇಕು ಎಂಬುದು ಇಲ್ಲಿಯ ವಿಷಯವಲ್ಲ. ಅದನ್ನು ಹೇಳುವವರು ಊರಿಗೆ ಹತ್ತು ಜನ ಇದ್ದಾರೆ. ಇಲ್ಲಿರುವುದು ಇನ್ನೊಂದು ಅರ್ಧ: ಕಾಗದಪತ್ರ, ಅರ್ಜಿ, ಆಪ್ಷನ್ ಎಂಟ್ರಿ (ಬೇಕಾದ ಕಾಲೇಜುಗಳನ್ನು ಇಷ್ಟದ ಕ್ರಮದಲ್ಲಿ ತುಂಬುವುದು), ಶುಲ್ಕ. ಒಂದೇ ರ್ಯಾಂಕಿನ ಆಸುಪಾಸಿನಲ್ಲಿರುವ ಇಬ್ಬರಲ್ಲಿ ಒಬ್ಬರಿಗೆ ಬೇಕಾದ ಕಾಲೇಜು ಸಿಕ್ಕಿ, ಇನ್ನೊಬ್ಬರು ಕೈಚೆಲ್ಲಿ ಕೂರುವುದು ಹೆಚ್ಚಾಗಿ ಈ ಅರ್ಧದಲ್ಲೇ. ಎರಡು ವರ್ಷ ನಿದ್ದೆಗೆಟ್ಟು ಓದಿದ ಮಗುವಿನ ಸೀಟು ಒಂದು ಸರ್ಟಿಫಿಕೇಟಿಗಾಗಿ ಹೋಗಬಾರದು.

ಯಾವ ಸೀಟು ಯಾರ ಕೈಯಲ್ಲಿ

ಪರೀಕ್ಷೆ ಒಂದೇ, ನೀಟ್. ನಡೆಸುವುದು ರಾಷ್ಟ್ರೀಯ ಪರೀಕ್ಷಾ ಸಂಸ್ಥೆ, ಅಂದರೆ ಎನ್‌ಟಿಎ. ಆದರೆ ಎನ್‌ಟಿಎ ಸೀಟು ಕೊಡುವುದಿಲ್ಲ, ರ್ಯಾಂಕ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಸೀಟು ಹಂಚುವವರು ಇಬ್ಬರು.

ಒಂದು, ದೆಹಲಿಯ ವೈದ್ಯಕೀಯ ಕೌನ್ಸೆಲಿಂಗ್ ಸಮಿತಿ, ಅಂದರೆ ಎಂಸಿಸಿ. ದೇಶದ ಸರ್ಕಾರಿ ಕಾಲೇಜುಗಳ ಶೇ. 15ರಷ್ಟು ಸೀಟು (ಅಖಿಲ ಭಾರತ ಕೋಟಾ ಎನ್ನುವುದು ಇದನ್ನೇ), ಏಮ್ಸ್ ಮತ್ತು ಜಿಪ್‌ಮರ್‌ನ ಸೀಟುಗಳು, ಡೀಮ್ಡ್ ವಿಶ್ವವಿದ್ಯಾಲಯಗಳ (ವಿಶ್ವವಿದ್ಯಾಲಯದ ಸ್ಥಾನಮಾನ ಪಡೆದ ಸಂಸ್ಥೆಗಳ) ಅಷ್ಟೂ ಸೀಟುಗಳು ಇದರ ಮೂಲಕ. ಮಣಿಪಾಲ ಮತ್ತು ಮಂಗಳೂರಿನ ಕಸ್ತೂರ್ಬಾ ಕಾಲೇಜುಗಳು, ಮೈಸೂರಿನ ಜೆಎಸ್‌ಎಸ್, ಬೆಳಗಾವಿಯ ಜೆಎನ್‌ಎಂಸಿ, ವಿಜಯಪುರದ ಬಿಎಲ್‌ಡಿಇ, ಮಂಗಳೂರಿನ ಕೆ.ಎಸ್. ಹೆಗ್ಡೆ ಮತ್ತು ಯೆನೆಪೋಯ, ಕೋಲಾರದ ದೇವರಾಜ ಅರಸು ಕಾಲೇಜು ಎಲ್ಲವೂ ಡೀಮ್ಡ್. ನಮ್ಮ ರಾಜ್ಯದಲ್ಲೇ ಇದ್ದರೂ ಇವುಗಳಿಗೆ ಎಂಸಿಸಿಯಲ್ಲೇ ನೋಂದಾಯಿಸಬೇಕು. ಕೆಇಎ ಪಟ್ಟಿಯಲ್ಲಿ ಮಣಿಪಾಲವನ್ನು ಹುಡುಕಿ ಸುಸ್ತಾಗುವವರು ಪ್ರತಿ ವರ್ಷ ಇರುತ್ತಾರೆ.

ಎರಡು, ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಕರ್ನಾಟಕ ಪರೀಕ್ಷಾ ಪ್ರಾಧಿಕಾರ, ಅಂದರೆ ಕೆಇಎ. ರಾಜ್ಯದ ಸರ್ಕಾರಿ ಕಾಲೇಜುಗಳ ಉಳಿದ ಶೇ. 85ರಷ್ಟು ಸೀಟು, ಡೀಮ್ಡ್ ಅಲ್ಲದ ಖಾಸಗಿ ಕಾಲೇಜುಗಳ ಸೀಟುಗಳು ಇಲ್ಲಿ. ಖಾಸಗಿ ಕಾಲೇಜಿನೊಳಗೂ ಸರ್ಕಾರಿ ಕೋಟಾ, ಖಾಸಗಿ ಕೋಟಾ, ಎನ್‌ಆರ್‌ಐ ಮತ್ತು ಇತರೆ ಎಂದು ಬೇರೆಬೇರೆ ಪಾಲುಗಳಿವೆ. ಕಟ್ಟಡ, ಪ್ರಾಧ್ಯಾಪಕರು, ಬೆಂಚು ಎಲ್ಲ ಒಂದೇ, ಶುಲ್ಕ ಮಾತ್ರ ಅಜಗಜಾಂತರ. ಸರ್ಕಾರಿ ಕಾಲೇಜಿನಲ್ಲಿ ವರ್ಷಕ್ಕೆ ಸುಮಾರು 60 ಸಾವಿರದ ಆಸುಪಾಸು, ಖಾಸಗಿ ಕಾಲೇಜಿನ ಸರ್ಕಾರಿ ಸೀಟಿಗೆ ಸುಮಾರು ಒಂದೂವರೆ ಲಕ್ಷ, ಅದೇ ಕಾಲೇಜಿನ ಖಾಸಗಿ ಸೀಟಿಗೆ ಹತ್ತು ಲಕ್ಷದ ಮೇಲೆ. ಡೀಮ್ಡ್‌ನಲ್ಲಿ ಹೆಚ್ಚಿನ ಕಡೆ ಹದಿನೈದು ಲಕ್ಷ ದಾಟುತ್ತದೆ. ಆಯಾ ವರ್ಷದ ನಿಖರ ಮೊತ್ತ ಆಪ್ಷನ್ ಎಂಟ್ರಿಯ ಹೊತ್ತಿಗೆ ಜಾಲತಾಣದಲ್ಲಿ ಇರುತ್ತದೆ.

ಎರಡು ಕಡೆಯೂ ಪ್ರತ್ಯೇಕ ನೋಂದಣಿ, ಪ್ರತ್ಯೇಕ ಶುಲ್ಕ, ಪ್ರತ್ಯೇಕ ಪಟ್ಟಿ. ಎರಡರಲ್ಲೂ ನೋಂದಾಯಿಸಿ. ಕರ್ನಾಟಕದ ಸೀಟಿಗೆ ಈ ಎರಡು ದಾರಿ ಬಿಟ್ಟರೆ ಮೂರನೆಯದು ಇಲ್ಲ. ‘ಮ್ಯಾನೇಜ್‌ಮೆಂಟ್ ಸೀಟು ಮಾಡಿಸಿಕೊಡುತ್ತೇವೆ, ಮುಂಗಡ ಕೊಡಿ’ ಎಂದು ಫೋನ್ ಮಾಡುವವರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ. ಎನ್‌ಆರ್‌ಐ ಸೀಟೂ ಕೌನ್ಸೆಲಿಂಗ್ (ಈ ಎರಡು ಕಡೆ ನಡೆಯುವ ಸೀಟು ಹಂಚಿಕೆ) ಮೂಲಕವೇ ಹಂಚಿಕೆಯಾಗುತ್ತದೆ.

ಡಿಸೆಂಬರ್‌ನಲ್ಲಿ ಮುಗಿಯಬೇಕಾದ ಕೆಲಸ

ಮೊದಲು ಹೆಸರು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ‘ಮಂಜುನಾಥ ಬಿ’ ಎಂದಿದೆ, ಆಧಾರ್‌ನಲ್ಲಿ ‘ಮಂಜುನಾಥ ಬಸಪ್ಪ ಹೊಸಮನಿ’, ಜಾತಿ ಪ್ರಮಾಣಪತ್ರದಲ್ಲಿ ‘ಮಂಜುನಾಥ’ ಅಷ್ಟೇ. ಮನೆಯವರಿಗೆ ಮೂರೂ ಒಬ್ಬನೇ ಹುಡುಗ. ಕಂಪ್ಯೂಟರಿಗೆ ಮೂವರು. ಇನಿಷಿಯಲ್ ಬಿಡಿಸಿ ಬರೆಯುವುದು, ಮನೆತನದ ಹೆಸರು ಒಂದು ಕಡೆ ಸೇರಿಸಿ ಇನ್ನೊಂದು ಕಡೆ ಬಿಡುವುದು ನಮ್ಮ ಕಡೆ ಸಾಮಾನ್ಯ. ನೀಟ್ ಅರ್ಜಿಯಲ್ಲಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇರುವಂತೆಯೇ ಹೆಸರು ಮತ್ತು ಜನ್ಮ ದಿನಾಂಕ ಇರಬೇಕು. ಹಾಗಾಗಿ ಅಂಕಪಟ್ಟಿಯನ್ನು ಮೂಲವಾಗಿಟ್ಟುಕೊಂಡು ಆಧಾರ್ ತಿದ್ದಿಸಿ. ತಂದೆ ತಾಯಿಯ ಹೆಸರೂ ಹೊಂದಬೇಕು. ಆಧಾರ್‌ಗೆ ಜೋಡಿಸಿದ ಮೊಬೈಲ್ ಸಂಖ್ಯೆ ಈಗಲೂ ಚಾಲ್ತಿಯಲ್ಲಿದೆಯೇ ನೋಡಿ. ಮುಂದಿನ ಎಂಟು ತಿಂಗಳು ಒಟಿಪಿ ಬರುವುದು ಅದಕ್ಕೇ. ಅರ್ಜಿಗೆ ಸೈಬರ್ ಸೆಂಟರ್‌ನವರ ಇಮೇಲ್ ಮತ್ತು ಫೋನ್ ಸಂಖ್ಯೆ ಕೊಡುವ ತಪ್ಪನ್ನು ಎಂದೂ ಮಾಡಬೇಡಿ. ಪಾಸ್‌ವರ್ಡ್ ಅವರ ಬಳಿ ಇದ್ದರೆ ಸೀಟಿನ ಬೀಗದ ಕೈಯೂ ಅವರ ಬಳಿ ಇದ್ದಂತೆ.

ಆಮೇಲೆ ಜಾತಿ ಮತ್ತು ಆದಾಯ. ನಾಡಕಚೇರಿಯಲ್ಲಿ ಪಡೆದ ಪ್ರಮಾಣಪತ್ರದ ಮೇಲೆ ಆರ್‌ಡಿ ಎಂದು ಶುರುವಾಗುವ 15 ಅಕ್ಷರಾಂಕಿಗಳ ಸಂಖ್ಯೆ ಇರುತ್ತದೆ. ಕೆಇಎ ಆ ಸಂಖ್ಯೆಯನ್ನು ಕಂದಾಯ ಇಲಾಖೆಯ ದತ್ತಾಂಶದೊಂದಿಗೆ ನೇರವಾಗಿ ತಾಳೆ ನೋಡುತ್ತದೆ. ಆರ್‌ಡಿ ಸಂಖ್ಯೆ ಇಲ್ಲದ ಹಳೆಯ ಕೈಬರಹದ ಪತ್ರ ನಡೆಯದು. ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ, ಪ್ರವರ್ಗ 1ರವರಿಗೆ, 2ಎ, 2ಬಿ, 3ಎ, 3ಬಿಯವರಿಗೆ ನಮೂನೆಗಳು ಬೇರೆಬೇರೆ. 2ಎಯಿಂದ 3ಬಿವರೆಗಿನವರಿಗೆ ಆದಾಯವೂ ಸೇರಿದ ಪ್ರಮಾಣಪತ್ರ ಬೇಕು, ಅದರ ಅವಧಿ ಐದು ವರ್ಷ. ಎಂಟನೆಯ ತರಗತಿಯಲ್ಲಿ ವಿದ್ಯಾರ್ಥಿವೇತನಕ್ಕೆ ಮಾಡಿಸಿದ್ದು ಈಗ ಮುಗಿಯುವ ಹೊತ್ತಿಗೆ ಬಂದಿರುತ್ತದೆ, ದಿನಾಂಕ ನೋಡಿ. ಜೂನ್ ಬಂತೆಂದರೆ ನಾಡಕಚೇರಿಯ ಮುಂದೆ ಎಲ್ಲರೂ ಒಟ್ಟಿಗೆ ಸಾಲು ನಿಲ್ಲುತ್ತಾರೆ.

ಇಲ್ಲಿ ದೊಡ್ಡ ಗೊಂದಲವೊಂದಿದೆ, ನಿಧಾನವಾಗಿ ಓದಿ. ರಾಜ್ಯದ ಪ್ರವರ್ಗಗಳು ಬೇರೆ, ಕೇಂದ್ರದ ಒಬಿಸಿ ಪಟ್ಟಿ ಬೇರೆ. ರಾಜ್ಯದಲ್ಲಿ ಹಿಂದುಳಿದ ವರ್ಗದ ಮೀಸಲಾತಿ ಇರುವ ಜಾತಿಗಳೆಲ್ಲ ಕೇಂದ್ರದ ಪಟ್ಟಿಯಲ್ಲಿ ಇರಬೇಕೆಂದಿಲ್ಲ. ನೀಟ್ ಅರ್ಜಿಯಲ್ಲಿ ಕೇಳುವ ಒಬಿಸಿ ಕೇಂದ್ರದ್ದು. ‘ನಾವು ಹೇಗೂ ಹಿಂದುಳಿದ ವರ್ಗ’ ಎಂದು ಅಲ್ಲಿ ಗುರುತು ಹಾಕಿ, ಎಂಸಿಸಿಯಲ್ಲಿ ಒಬಿಸಿ ಸೀಟು ಹಂಚಿಕೆಯಾಗಿ, ಕಾಲೇಜಿಗೆ ಹೋದಾಗ ಕೈಯಲ್ಲಿ ರಾಜ್ಯದ ಪ್ರಮಾಣಪತ್ರ ಮಾತ್ರ ಇದ್ದರೆ ಪ್ರವೇಶ ಸಿಗುವುದಿಲ್ಲ. ನಿಮ್ಮ ಜಾತಿ ಕೇಂದ್ರದ ಪಟ್ಟಿಯಲ್ಲಿದೆಯೇ ನೋಡಿ. ಇದ್ದರೆ ಕೇಂದ್ರದ ನಮೂನೆಯಲ್ಲೇ, ಕೆನೆಪದರಕ್ಕೆ ಸೇರಿಲ್ಲ ಎಂಬ ಪ್ರಮಾಣಪತ್ರವನ್ನು ಪ್ರತ್ಯೇಕವಾಗಿ ಮಾಡಿಸಿ. ಇಲ್ಲದಿದ್ದರೆ ಅಲ್ಲಿ ಸಾಮಾನ್ಯ ವರ್ಗವೆಂದೇ ಹಾಕಿ, ಅದರಿಂದ ಕೆಇಎಯ ನಿಮ್ಮ 3ಎಗೋ 3ಬಿಗೋ ಯಾವ ಧಕ್ಕೆಯೂ ಇಲ್ಲ. ಅಂಥವರ ಕುಟುಂಬದ ವಾರ್ಷಿಕ ಆದಾಯ 8 ಲಕ್ಷದೊಳಗಿದ್ದು, ಕೃಷಿ ಭೂಮಿ 5 ಎಕರೆಗಿಂತ ಕಡಿಮೆಯಿದ್ದು, ಉಳಿದ ಷರತ್ತುಗಳೂ ಹೊಂದಿದರೆ ಅಖಿಲ ಭಾರತ ಕೋಟಾದಲ್ಲಿ ಆರ್ಥಿಕ ದುರ್ಬಲ ವರ್ಗದ ಶೇ. 10ಕ್ಕೆ ಪ್ರಯತ್ನಿಸಬಹುದು. ಅದಕ್ಕೆ ಬೇಕಾದ್ದು ಆ ಆರ್ಥಿಕ ವರ್ಷದ ಪ್ರಮಾಣಪತ್ರ, ಹೋದ ವರ್ಷದ್ದಲ್ಲ.

ಇನ್ನು ರಾಜ್ಯದ ಅರ್ಹತೆ. ಒಂದನೆಯ ತರಗತಿಯಿಂದ ದ್ವಿತೀಯ ಪಿಯುವರೆಗೆ ಕನಿಷ್ಠ ಏಳು ಶೈಕ್ಷಣಿಕ ವರ್ಷ ಕರ್ನಾಟಕದಲ್ಲಿ ಓದಿರಬೇಕು, ಜೊತೆಗೆ ಎಸ್ಸೆಸ್ಸೆಲ್ಸಿ ಇಲ್ಲವೇ ದ್ವಿತೀಯ ಪಿಯು ಇಲ್ಲೇ ಪಾಸಾಗಿರಬೇಕು. ಹೆಚ್ಚಿನವರು ಬರುವುದು ಈ ನಿಯಮದಡಿ. ಗ್ರಾಮೀಣ ಕೋಟಾಕ್ಕೆ ಒಂದರಿಂದ ಹತ್ತರವರೆಗೆ ಹತ್ತೂ ವರ್ಷ ಗ್ರಾಮೀಣ ಪ್ರದೇಶದ ಶಾಲೆ. ಕನ್ನಡ ಮಾಧ್ಯಮ ಕೋಟಾಕ್ಕೆ ಹತ್ತೂ ವರ್ಷ ಕನ್ನಡ ಮಾಧ್ಯಮ. ಎರಡಕ್ಕೂ ಶಾಲೆಯ ಪ್ರಮಾಣಪತ್ರದ ಮೇಲೆ ಕ್ಷೇತ್ರ ಶಿಕ್ಷಣಾಧಿಕಾರಿಯ (ಬಿಇಒ) ಮೇಲುರುಜು ಬೇಕು. ನಾಲ್ಕು ಶಾಲೆ ಬದಲಿಸಿದ್ದರೆ ನಾಲ್ಕೂ ಕಡೆಯಿಂದ ತರಬೇಕು, ಶಾಲೆಗಳು ಬೇರೆ ತಾಲ್ಲೂಕಿನಲ್ಲಿದ್ದರೆ ಆಯಾ ಬಿಇಒ ಕಚೇರಿಯಿಂದಲೇ ರುಜು ಆಗಬೇಕು. ಇದಕ್ಕೆ ಹದಿನೈದು ದಿನ ಓಡಾಟವಿದೆ ಎಂದೇ ಲೆಕ್ಕ ಹಾಕಿ. ಸಾಮಾನ್ಯ ವರ್ಗದವರು ಗ್ರಾಮೀಣ ಕೋಟಾ ಕೋರಿದರೆ ಕೆನೆಪದರಕ್ಕೆ ಸೇರಿಲ್ಲ ಎಂಬ ಪತ್ರವನ್ನೂ ಜೊತೆಗಿಡಬೇಕು, ಇದನ್ನು ಮರೆಯುವವರು ಬಹಳ.

ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯನಗರ ಜಿಲ್ಲೆಗಳವರಿಗೆ ಸಂವಿಧಾನದ 371(ಜೆ) ವಿಧಿಯ ಮೀಸಲಾತಿಯಿದೆ: ಆ ಭಾಗದ ಕಾಲೇಜುಗಳಲ್ಲಿ ಶೇ. 70, ಉಳಿದ ಕಡೆ ಶೇ. 8. ಉಪವಿಭಾಗಾಧಿಕಾರಿಯಿಂದ ಅರ್ಹತಾ ಪತ್ರ ಪಡೆದಿರಬೇಕು. ಓದಿಗಾಗಿ ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಪಿಯು ಮಾಡಿದ ಮಾತ್ರಕ್ಕೆ ಈ ಹಕ್ಕು ಹೋಗುವುದಿಲ್ಲ.

ಕಾಸರಗೋಡು, ಜತ್ತ, ಅಕ್ಕಲಕೋಟೆ ಕಡೆಯ ಕನ್ನಡ ಮಕ್ಕಳಿಗೆ ಹೊರನಾಡು–ಗಡಿನಾಡು ಕನ್ನಡಿಗರ ನಿಯಮದಡಿ ಅವಕಾಶವಿದೆ. ಅವರಿಗೆ ಕೆಇಎ ಪ್ರತ್ಯೇಕ ಕನ್ನಡ ಭಾಷಾ ಪರೀಕ್ಷೆ ನಡೆಸುತ್ತದೆ. ಅದರ ದಿನಾಂಕ ತಪ್ಪಿದರೆ ಆ ವರ್ಷದ ಹಕ್ಕು ಹೋಯಿತು.

ನೀಟ್ ಅರ್ಜಿ

ಅರ್ಜಿ ಸಾಮಾನ್ಯವಾಗಿ ಫೆಬ್ರವರಿ–ಮಾರ್ಚ್‌ನಲ್ಲಿ. ಪ್ರವೇಶದ ವರ್ಷದ ಡಿಸೆಂಬರ್ 31ಕ್ಕೆ 17 ವರ್ಷ ತುಂಬಿರಬೇಕು. ಗರಿಷ್ಠ ವಯಸ್ಸಿನ ಮಿತಿ ಇಲ್ಲ, ಎಷ್ಟು ಸಲ ಬರೆದರೂ ಅಡ್ಡಿಯಿಲ್ಲ. 2025ರಲ್ಲಿ ಶುಲ್ಕ ಸಾಮಾನ್ಯ ವರ್ಗಕ್ಕೆ 1,700 ರೂಪಾಯಿ, ಒಬಿಸಿ ಮತ್ತು ಆರ್ಥಿಕ ದುರ್ಬಲರಿಗೆ 1,600, ಪರಿಶಿಷ್ಟರಿಗೆ ಮತ್ತು ಅಂಗವಿಕಲರಿಗೆ 1,000. ಒಬ್ಬರು ಒಂದೇ ಅರ್ಜಿ ಹಾಕಬೇಕು. ಮೊದಲನೆಯದರಲ್ಲಿ ತಪ್ಪಾಯಿತೆಂದು ಇನ್ನೊಂದು ಹಾಕಿದರೆ ಎರಡೂ ಹೋಗುವ ಅಪಾಯವಿದೆ. ತಿದ್ದುಪಡಿಗೆ ಕೆಲವು ದಿನ ಅವಕಾಶ ಕೊಡುತ್ತಾರೆ, ಅದಕ್ಕೆ ಕಾಯಿರಿ.

ಫೋಟೊ ಬಿಳಿ ಹಿನ್ನೆಲೆಯಲ್ಲಿ, ಮುಖ ಶೇ. 80ರಷ್ಟು ತುಂಬಿರುವಂತೆ, ಎರಡೂ ಕಿವಿ ಕಾಣುವಂತೆ ಇರಲಿ. ಅದೇ ಫೋಟೊದ ಪಾಸ್‌ಪೋರ್ಟ್ ಅಳತೆಯ ಎಂಟು ಪ್ರತಿ, ನಾಲ್ಕು–ಆರು ಇಂಚಿನ ಪೋಸ್ಟ್‌ಕಾರ್ಡ್ ಅಳತೆಯ ನಾಲ್ಕು ಪ್ರತಿ ಅಂದೇ ತೆಗೆಸಿಡಿ. ಪರೀಕ್ಷೆಗೂ ಕಾಲೇಜಿಗೂ ಇದೇ ಫೋಟೊ ಬೇಕು. ಎರಡೂ ಕೈಗಳ ಬೆರಳಚ್ಚನ್ನು ಬಿಳಿ ಹಾಳೆಯ ಮೇಲೆ ಒತ್ತಿ ಸ್ಕ್ಯಾನ್ ಮಾಡಬೇಕು. ಸ್ಟಾಂಪ್ ಪ್ಯಾಡಿನ ಮೇಲೆ ಬೆರಳನ್ನು ಜೋರಾಗಿ ಅದ್ದಿದರೆ ಶಾಯಿ ಮೆತ್ತಿಕೊಂಡು ಗೆರೆಗಳೆಲ್ಲ ಮುಚ್ಚಿ ಬರೀ ನೀಲಿ ಮಚ್ಚೆ ಉಳಿಯುತ್ತದೆ. ಹಗುರವಾಗಿ ಮುಟ್ಟಿ, ಮೊದಲು ರದ್ದಿ ಕಾಗದದ ಮೇಲೆ ಒಮ್ಮೆ ಒತ್ತಿ, ಆಮೇಲೆ ಅಸಲಿ ಹಾಳೆಯ ಮೇಲೆ ಒತ್ತಿ. ಗೆರೆ ಎಣಿಸುವಷ್ಟು ಸ್ಪಷ್ಟವಾಗಿ ಬರುತ್ತದೆ.

ಮಾಧ್ಯಮದ ಆಯ್ಕೆಯಲ್ಲಿ ಕನ್ನಡವೂ ಇದೆ. ಕನ್ನಡ ಆರಿಸಿದವರಿಗೆ ಕನ್ನಡ ಮತ್ತು ಇಂಗ್ಲಿಷ್ ಎರಡೂ ಇರುವ ಪ್ರಶ್ನೆಪತ್ರಿಕೆ ಸಿಗುತ್ತದೆ, ಪರೀಕ್ಷಾ ಕೇಂದ್ರ ಮಾತ್ರ ಕರ್ನಾಟಕದಲ್ಲೇ ಇರಬೇಕು. ಅನುವಾದದಲ್ಲಿ ಗೊಂದಲವಿದ್ದರೆ ಇಂಗ್ಲಿಷ್ ಪ್ರಶ್ನೆಯೇ ಅಂತಿಮ. ಹತ್ತರವರೆಗೆ ಕನ್ನಡದಲ್ಲಿ ಓದಿದರೂ ಪಿಯುನಲ್ಲಿ ಪಾರಿಭಾಷಿಕ ಪದಗಳನ್ನೆಲ್ಲ ಇಂಗ್ಲಿಷಿನಲ್ಲೇ ಕಲಿತವರಿಗೆ ಪರೀಕ್ಷೆಯ ಹೊತ್ತಿನಲ್ಲಿ ‘ದ್ಯುತಿಸಂಶ್ಲೇಷಣೆ’ ಅಷ್ಟೇ ಅಲ್ಲ, ಇನ್ನೂ ಅಪರೂಪದ ಪದಗಳು ಎದುರಾಗುತ್ತವೆ. ಮಾಧ್ಯಮ ಆರಿಸುವ ಮೊದಲು ಹಳೆಯ ಕನ್ನಡ ಪ್ರಶ್ನೆಪತ್ರಿಕೆಯೊಂದನ್ನು ಕೂತು ಬಿಡಿಸಿ ನೋಡಿ.

ಪಿಯು ಅಂಕವನ್ನು ಕಡೆಗಣಿಸಬೇಡಿ. ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಸಾಮಾನ್ಯ ವರ್ಗಕ್ಕೆ ಶೇ. 50, ಮೀಸಲು ವರ್ಗಕ್ಕೆ ಶೇ. 40 ಬೇಕೇ ಬೇಕು. ನೀಟ್‌ನಲ್ಲಿ 600 ಬಂದು ಪಿಯುನಲ್ಲಿ ಈ ಗೆರೆ ದಾಟದಿದ್ದರೆ ಪ್ರವೇಶವಿಲ್ಲ.

ಪರೀಕ್ಷೆಯ ದಿನ

180 ಪ್ರಶ್ನೆ, 180 ನಿಮಿಷ, ಮಧ್ಯಾಹ್ನ 2ರಿಂದ 5. ಗೇಟು ಮುಚ್ಚುವುದು 1.30ಕ್ಕೆ. ಪ್ರವೇಶಪತ್ರದ ಜೊತೆಯ ನಮೂನೆಗೆ ಪೋಸ್ಟ್‌ಕಾರ್ಡ್ ಅಳತೆಯ ಫೋಟೊ ಅಂಟಿಸಿಕೊಂಡು ಹೋಗಿ. ವಿದ್ಯಾರ್ಥಿಯ ಸಹಿ ಮೇಲ್ವಿಚಾರಕರ ಎದುರಿಗೇ ಆಗಬೇಕು, ಮನೆಯಲ್ಲೇ ಮಾಡಬೇಡಿ. ಪೆನ್ನು ಅಲ್ಲೇ ಕೊಡುತ್ತಾರೆ.

ಪ್ರಶ್ನೆಪತ್ರಿಕೆ ಕೈಗೆ ಬಂದ ಕೂಡಲೇ ಅದರ ಮೇಲಿನ ಕೋಡ್ ಮತ್ತು ಒಎಂಆರ್ ಹಾಳೆಯ (ಉತ್ತರ ಗುರುತಿಸುವ ಹಾಳೆಯ) ಮೇಲಿನ ಕೋಡ್ ಒಂದೇ ಇದೆಯೇ ನೋಡಿ. ಬೇರೆಯಿದ್ದರೆ ಎದ್ದು ನಿಂತು ಬದಲಿಸಿಕೊಳ್ಳಿ, ಸಂಕೋಚ ಬೇಡ. ಎರಡು ಕೋಡ್ ಬೇರೆಯಾದರೆ ನಿಮ್ಮ ಉತ್ತರಗಳನ್ನು ಬೇರೊಂದು ಪತ್ರಿಕೆಯ ಉತ್ತರಸೂಚಿಯ ಎದುರು ತಾಳೆ ನೋಡಿದಂತಾಗುತ್ತದೆ. ಇನ್ನೊಂದು, ಬಿಟ್ಟ ಪ್ರಶ್ನೆಯ ಸಾಲನ್ನೂ ಬಿಡಬೇಕು. 47ನೆಯದನ್ನು ಬಿಟ್ಟು 48ರ ಉತ್ತರವನ್ನು 47ರ ಸಾಲಿನಲ್ಲಿ ತುಂಬಿದರೆ ಅಲ್ಲಿಂದ ಮುಂದಿನದೆಲ್ಲ ಒಂದು ಸಾಲು ಜಾರುತ್ತದೆ, ತಪ್ಪಿಗೊಂದು ಅಂಕ ಕಳೆಯುತ್ತಲೇ ಹೋಗುತ್ತದೆ. ಪ್ರತಿ ಹತ್ತು ಪ್ರಶ್ನೆಗೊಮ್ಮೆ ಸಂಖ್ಯೆ ತಾಳೆ ನೋಡುವ ರೂಢಿಯನ್ನು ಮನೆಯಲ್ಲೇ, ಒಎಂಆರ್ ಹಾಳೆಯ ನಕಲಿನ ಮೇಲೇ ಮಾಡಿಕೊಳ್ಳಿ.

ಕೆಲ ವಾರಗಳ ನಂತರ ಒಎಂಆರ್‌ನ ಸ್ಕ್ಯಾನ್ ಪ್ರತಿ ಮತ್ತು ತಾತ್ಕಾಲಿಕ ಉತ್ತರಸೂಚಿ ಬರುತ್ತವೆ. ಯಂತ್ರ ಓದಿದ ಉತ್ತರವೂ ನೀವು ತುಂಬಿದ್ದೂ ಒಂದೇ ಇದೆಯೇ ಎಂದು 180ನ್ನೂ ನೋಡಿ. ವ್ಯತ್ಯಾಸವಿದ್ದರೆ ಒಂದಕ್ಕೆ 200 ರೂಪಾಯಿ ಕಟ್ಟಿ ಆಕ್ಷೇಪಣೆ ಸಲ್ಲಿಸಬಹುದು. ಗಡುವು ಎರಡು ಮೂರು ದಿನವಷ್ಟೇ.

ಕೆಇಎಯಲ್ಲಿ ನೋಂದಣಿ ಮತ್ತು ಪರಿಶೀಲನೆ

ನೀಟ್ ಬರೆದರೆ ಕೆಇಎ ತಾನಾಗಿ ನಿಮ್ಮನ್ನು ಕರೆಯುವುದಿಲ್ಲ. ಅಲ್ಲಿ ಪ್ರತ್ಯೇಕ ಅರ್ಜಿ ಹಾಕಿರಬೇಕು. ಸಿಇಟಿಗೆ ಅರ್ಜಿ ಹಾಕುವಾಗಲೇ ಎಲ್ಲ ವಿವರ ಕೊಟ್ಟವರು ಆಮೇಲೆ ನೀಟ್ ಅನುಕ್ರಮ ಸಂಖ್ಯೆ ಸೇರಿಸಿದರೆ ಸಾಕು. ‘ಎಂಜಿನಿಯರಿಂಗ್ ಬೇಡ, ಸಿಇಟಿ ಯಾಕೆ’ ಎಂದು ಜನವರಿ–ಫೆಬ್ರವರಿಯಲ್ಲಿ ಸುಮ್ಮನಾದವರು ಕೆಇಎಯ ನೀಟ್ ನೋಂದಣಿಯ ಅಧಿಸೂಚನೆಗಾಗಿ ಕಾದು ಕೂರಬೇಕು.

ಅರ್ಜಿಯಲ್ಲಿ ಕೋರದ ಮೀಸಲಾತಿ ಆಮೇಲೆ ಸಿಗುವುದಿಲ್ಲ. ಗ್ರಾಮೀಣ, ಕನ್ನಡ ಮಾಧ್ಯಮ, 371(ಜೆ) ಮೂರಕ್ಕೂ ಅರ್ಹರಾಗಿದ್ದರೆ ಮೂರನ್ನೂ ಕೋರಿ. ಪರಿಶೀಲನೆ ಮುಗಿದ ಮೇಲೆ ಬರುವ ಪರಿಶೀಲನಾ ಪತ್ರವನ್ನು ಮುದ್ರಿಸಿಕೊಂಡು ಅಕ್ಷರ ಅಕ್ಷರ ಓದಿ. ಕೋರಿದ್ದು ‘ಹೌದು’ ಎಂದಾಗಿದೆಯೇ? ಒಂದು ಕಡೆ ‘ಇಲ್ಲ’ ಎಂದಿದ್ದರೂ ಅಂದೇ ದಾಖಲೆ ಹಿಡಿದು ಹೋಗಿ ಸರಿಪಡಿಸಿಕೊಳ್ಳಿ. ಹಂಚಿಕೆಯಾದ ಮೇಲೆ ಇದನ್ನು ಎತ್ತಿದರೆ ಯಾರೂ ಕೇಳಿಸಿಕೊಳ್ಳುವುದಿಲ್ಲ.

ಆಪ್ಷನ್ ಎಂಟ್ರಿ

ಸೀಟು ಕೈಗೆ ಬರುವುದೋ ತಪ್ಪುವುದೋ ಇಲ್ಲಿ. ಸೀಟು ಹಂಚುವ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಅರ್ಥವಾದರೆ ಮುಕ್ಕಾಲು ಭಯ ಹೋಗುತ್ತದೆ.

ಯಂತ್ರ ರ್ಯಾಂಕಿನ ಕ್ರಮದಲ್ಲಿ ಒಬ್ಬೊಬ್ಬರನ್ನೇ ಕರೆಯುತ್ತದೆ ಎಂದುಕೊಳ್ಳಿ. ನಿಮ್ಮ ಸರದಿ ಬಂದಾಗ ನಿಮ್ಮ ಪಟ್ಟಿಯನ್ನು ಮೇಲಿನಿಂದ ಓದುತ್ತದೆ. ಮೊದಲ ಆಪ್ಷನ್‌ನಲ್ಲಿ ನಿಮಗೆ ಅನ್ವಯಿಸುವ ಸೀಟು ಉಳಿದಿದೆಯೇ? ಇದ್ದರೆ ಕೊಟ್ಟು ಅಲ್ಲಿಗೇ ನಿಲ್ಲಿಸುತ್ತದೆ. ಇಲ್ಲದಿದ್ದರೆ ಎರಡನೆಯದು, ಮೂರನೆಯದು. ನೀವು ಮೈಸೂರನ್ನು ಒಂದನೆಯದಾಗಿ ಹಾಕಿದ್ದೀರೋ ಹನ್ನೊಂದನೆಯದಾಗಿ ಹಾಕಿದ್ದೀರೋ ಎಂಬುದರಿಂದ ಮೈಸೂರಿನಲ್ಲಿ ನಿಮ್ಮ ಹಕ್ಕು ಹೆಚ್ಚೂ ಆಗುವುದಿಲ್ಲ, ಕಡಿಮೆಯೂ ಆಗುವುದಿಲ್ಲ. ಆದ್ದರಿಂದ ಸಿಗಲಾರದ ಕಾಲೇಜನ್ನು ಮೇಲೆ ಹಾಕಿದರೆ ನಷ್ಟವೇನೂ ಇಲ್ಲ. ನಷ್ಟವಾಗುವುದು ಕಡಿಮೆ ಇಷ್ಟದ್ದನ್ನು ಹೆಚ್ಚು ಇಷ್ಟದ್ದರ ಮೇಲೆ ಹಾಕಿದಾಗ.

ಒಂದು ಉದಾಹರಣೆ. ದಾವಣಗೆರೆ ಜಿಲ್ಲೆಯ ಹಳ್ಳಿಯಲ್ಲಿ ಹತ್ತರವರೆಗೆ ಓದಿದ, 2ಎ ಪ್ರವರ್ಗದ ಹುಡುಗಿ. ಅವಳಿಗೆ ಬೇಕಿರುವ ಸರ್ಕಾರಿ ಕಾಲೇಜುಗಳು ಬೆಂಗಳೂರು, ಮೈಸೂರು, ಹುಬ್ಬಳ್ಳಿ, ಶಿವಮೊಗ್ಗ, ಆಮೇಲೆ ಹಾಸನ, ಗದಗ. ಮನೆಯಲ್ಲಿ ಯಾರೋ ‘ಬೆಂಗಳೂರು ಹೇಗೂ ಸಿಗಲ್ಲ, ಗದಗ ಗ್ಯಾರಂಟಿ, ಅದನ್ನೇ ಮೊದಲು ಹಾಕು’ ಎನ್ನುತ್ತಾರೆ. ಗದಗ ಮೊದಲು ಹಾಕುತ್ತಾಳೆ. ಸರದಿ ಬಂದಾಗ ಯಂತ್ರ ಗದಗ ಕೊಡುತ್ತದೆ. ಆ ಗಳಿಗೆಯಲ್ಲಿ ಶಿವಮೊಗ್ಗದಲ್ಲಿ 2ಎ ಗ್ರಾಮೀಣ ಸೀಟೊಂದು ಖಾಲಿ ಇತ್ತು, ಯಂತ್ರ ಅದನ್ನು ನೋಡಲೇ ಇಲ್ಲ. ಮುಂದಿನ ಸುತ್ತಿನಲ್ಲೂ ಅವಳಿಗೆ ಶಿವಮೊಗ್ಗ ಇಲ್ಲ, ಯಾಕೆಂದರೆ ಸಿಕ್ಕ ಆಪ್ಷನ್‌ಗಿಂತ ಕೆಳಗಿನವೆಲ್ಲ ಅಳಿದುಹೋಗುತ್ತವೆ. ತನ್ನ ಇಷ್ಟದ ಕ್ರಮದಲ್ಲೇ ಆರನ್ನೂ ಹಾಕಿದ್ದರೆ ಮೊದಲ ಮೂರು ಕೈತಪ್ಪಿ ನಾಲ್ಕನೆಯದು ಸಿಗುತ್ತಿತ್ತು. ಅದೂ ತಪ್ಪಿದ್ದರೆ ಗದಗ ಅಲ್ಲೇ ಕಾಯುತ್ತಿತ್ತು.

ಹಾಗಾದರೆ ಹಿಂದಿನ ವರ್ಷದ ಕಟ್‌ಆಫ್ ಪಟ್ಟಿ ಯಾಕೆ ಬೇಕು? ಕ್ರಮ ನಿರ್ಧರಿಸಲು ಅಲ್ಲ, ಪಟ್ಟಿ ಎಷ್ಟು ಉದ್ದ ಇರಬೇಕು ಎಂದು ತಿಳಿಯಲು. ಅದರಲ್ಲಿ ಜಿಎಂ, ಜಿಎಂಕೆ, ಜಿಎಂಆರ್, 2ಎಜಿ, 2ಎಕೆ, 2ಎಆರ್ ಎಂಬ ಕಂಬಸಾಲುಗಳಿರುತ್ತವೆ. ಜಿಎಂ ಅಂದರೆ ಸಾಮಾನ್ಯ ವರ್ಗ, ಕೊನೆಯ ಕೆ ಅಂದರೆ ಕನ್ನಡ ಮಾಧ್ಯಮ, ಆರ್ ಅಂದರೆ ಗ್ರಾಮೀಣ. ನಿಮಗೆ ಅನ್ವಯಿಸುವ ಎಲ್ಲ ಕಂಬಗಳನ್ನೂ ನೋಡಿ, ಕೊನೆಯ ಸುತ್ತಿನ ರ್ಯಾಂಕ್ ಬರೆದುಕೊಳ್ಳಿ. ನಿಮ್ಮ ರ್ಯಾಂಕಿಗೆ ಆರಾಮಾಗಿ ಸಿಗುವಂಥ ನಾಲ್ಕೈದು ಕಾಲೇಜು ಪಟ್ಟಿಯ ತಳದಲ್ಲಿ ಇರುವವರೆಗೂ ಪಟ್ಟಿ ಬೆಳೆಸಿ. ಹತ್ತು ಆಪ್ಷನ್ ಹಾಕಿ ಸುಮ್ಮನಾಗುವುದು ದುಡುಕು. ಪ್ರವರ್ಗಕ್ಕೊಂದರಂತೆ ಬೇರೆಬೇರೆ ಹಾಕುವ ಕೆಲಸವಿಲ್ಲ, ಒಂದು ಆಪ್ಷನ್ ಹಾಕಿದರೆ ನಿಮಗಿರುವ ಎಲ್ಲ ಹಕ್ಕುಗಳಡಿಯಲ್ಲೂ ಯಂತ್ರವೇ ನೋಡುತ್ತದೆ.

ಶುಲ್ಕದ ಕಂಬದ ಮೇಲೆ ಕಣ್ಣಿರಲಿ. ಒಂದೇ ಖಾಸಗಿ ಕಾಲೇಜು ಎರಡು ಸಲ ಕಾಣುತ್ತದೆ: ಒಂದು ಸರ್ಕಾರಿ ಸೀಟು, ಇನ್ನೊಂದು ಖಾಸಗಿ ಸೀಟು. ದಾವಣಗೆರೆಯ ಜೆಜೆಎಂ ಎಂಬ ಹೆಸರು ನೋಡಿ ಅವಸರದಲ್ಲಿ ಒತ್ತಿದರೆ ಒಂದೂವರೆ ಲಕ್ಷದ ಬದಲು ಹತ್ತು ಲಕ್ಷ ಮೀರಿದ್ದು ಪಟ್ಟಿಗೆ ಸೇರಿರುತ್ತದೆ. ಎಂಬಿಬಿಎಸ್‌ಗೆ ನಾಲ್ಕೂವರೆ ವರ್ಷದ ಶುಲ್ಕ, ಆಮೇಲೆ ಒಂದು ವರ್ಷ ಇಂಟರ್ನ್‌ಶಿಪ್. ಮೊದಲ ವರ್ಷದ್ದು ಹೇಗೋ ಹೊಂದಿಸುತ್ತೇವೆ ಎಂದು ಹೊರಡಬೇಡಿ, ಅಷ್ಟೂ ವರ್ಷದ ಲೆಕ್ಕ ಹಾಕಿ. ಕಟ್ಟಲಾಗದ ಸೀಟು ಪಟ್ಟಿಯಲ್ಲಿ ಇರಲೇಬಾರದು. ಸಿಕ್ಕ ಮೇಲೆ ಬಿಟ್ಟರೆ ದಂಡವೂ ಬೀಳಬಹುದು, ಕೆಳಗಿದ್ದ ಕೈಗೆಟಕುವ ಸೀಟೂ ಹೋಗಿರುತ್ತದೆ.

ಕೆಇಎ ಮೊದಲು ಅಣಕು ಹಂಚಿಕೆ ಪ್ರಕಟಿಸುತ್ತದೆ. ಅದು ಸೀಟಲ್ಲ, ಅದನ್ನು ನೋಡಿ ಹಿಗ್ಗಬೇಡಿ, ಕುಗ್ಗಲೂಬೇಡಿ. ಎಲ್ಲರೂ ಆಮೇಲೆ ಪಟ್ಟಿ ತಿದ್ದುತ್ತಾರೆ. ಪ್ರವರ್ಗ ಸರಿಯಾಗಿ ಬಂದಿದೆಯೇ, ಶುಲ್ಕದ ಬಗೆ ನೀವು ಎಣಿಸಿದ್ದೇ ಆಗಿದೆಯೇ ಎಂಬ ತಪಾಸಣೆಗೆ ಬಳಸಿಕೊಳ್ಳಿ. ಕೊನೆಯ ಸಂಜೆ ಜಾಲತಾಣ ತೆವಳುತ್ತದೆ, ಗಡುವಿಗೆ ಒಂದು ದಿನ ಮೊದಲೇ ಕೆಲಸ ಮುಗಿಸಿ, ಅಂತಿಮ ಪಟ್ಟಿಯ ಪ್ರತಿ ತೆಗೆದಿಡಿ.

ಸೀಟು ಬಂದ ಮೇಲೆ ನಾಲ್ಕು ಚಾಯ್ಸ್

ಚಾಯ್ಸ್ 1: ಇದೇ ಸಾಕು, ಸೇರುತ್ತೇನೆ. ಚಾಯ್ಸ್ 2: ಇದು ಇರಲಿ, ಮೇಲಿನ ಆಪ್ಷನ್ ಸಿಕ್ಕರೆ ಅದು ಬೇಕು. ಚಾಯ್ಸ್ 3: ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ಚಾಯ್ಸ್ 4: ಪೂರ್ತಿ ಹೊರಗೆ. ಏನನ್ನೂ ಒತ್ತದೆ ಸುಮ್ಮನಿದ್ದರೆ ಸೀಟು ರದ್ದು.

ಗೊಂದಲವಿರುವುದು 2 ಮತ್ತು 3ರ ನಡುವೆ. ಚಾಯ್ಸ್ 2ರಲ್ಲಿ ಮೇಲಿನದು ಸಿಕ್ಕರೆ ಹಳೆಯದು ತಾನಾಗಿ ಹೋಗುತ್ತದೆ, ಮರಳಿ ಬೇಕೆಂದರೆ ಇಲ್ಲ. ಆದ್ದರಿಂದ ಎರಡನೆಯ ಸುತ್ತಿಗೆ ಮುನ್ನ ಮೇಲಿನ ಆಪ್ಷನ್‌ಗಳನ್ನು ಮತ್ತೊಮ್ಮೆ ನೋಡಿ, ಈಗ ಕೈಯಲ್ಲಿರುವುದಕ್ಕಿಂತ ನಿಜವಾಗಿ ಬೇಕಾದವು ಮಾತ್ರ ಉಳಿಯಲಿ. ಚಾಯ್ಸ್ 3 ಎಂದರೆ ಕೈಯಲ್ಲಿರುವುದನ್ನು ಬಿಟ್ಟು ಹಾರುವುದು. ಸರ್ಕಾರಿ ಎಂಬಿಬಿಎಸ್ ಸೀಟು ಸಿಕ್ಕವರು ಇದನ್ನು ಒತ್ತಲು ಕಾರಣವೇ ಇಲ್ಲ. ಯಾವ ಸುತ್ತಿನಲ್ಲಿ ಯಾವ ಚಾಯ್ಸ್‌ಗೆ ಎಷ್ಟು ಹಣ ಮೊದಲೇ ಕಟ್ಟಬೇಕು ಎಂಬುದು ವರ್ಷವರ್ಷ ಬದಲಾಗುತ್ತದೆ, ಅಣ್ಣನಿಗೆ ಹೋದ ವರ್ಷ ಹೀಗಿತ್ತು ಎಂಬ ಮಾತನ್ನು ನಂಬದೆ ಆ ವರ್ಷದ ಅಧಿಸೂಚನೆ ಓದಿ.

ಎಂಸಿಸಿಯಲ್ಲಿ ಮೂರು ಸುತ್ತು, ಆಮೇಲೆ ಉಳಿದ ಸೀಟುಗಳ ಸ್ಟ್ರೇ ಸುತ್ತು. ಅಖಿಲ ಭಾರತ ಕೋಟಾಕ್ಕೆ ನೋಂದಣಿ 1,000 ರೂಪಾಯಿ, ಠೇವಣಿ 10,000. ಮೀಸಲು ವರ್ಗಕ್ಕೆ ಎರಡೂ ಅರ್ಧ. ಡೀಮ್ಡ್‌ಗೆ 5,000 ಮತ್ತು 2 ಲಕ್ಷ. ಮೊದಲ ಸುತ್ತಿನಲ್ಲಿ ಸಿಕ್ಕಿದ್ದನ್ನು ನಷ್ಟವಿಲ್ಲದೆ ಬಿಡಬಹುದು. ಎರಡನೆಯದರಲ್ಲಿ ಸೇರದಿದ್ದರೆ ಠೇವಣಿ ಹೋಗುತ್ತದೆ. ಮೂರನೆಯದರಲ್ಲಿ ಸೇರಿದರೆ ಬಿಟ್ಟು ಬರಲಾಗದು. ಸ್ಟ್ರೇ ಸುತ್ತಿನಲ್ಲಿ ಸಿಕ್ಕು ಸೇರದಿದ್ದರೆ ಠೇವಣಿಯ ಜೊತೆಗೆ ಮುಂದಿನ ನೀಟ್‌ಗೂ ತಡೆ. ಪ್ರತಿ ಸುತ್ತಿಗೂ ಪಟ್ಟಿಯನ್ನು ಹೊಸದಾಗಿ ತುಂಬಬೇಕು, ಕೆಇಎಯಂತೆ ಹಳೆಯದು ಮುಂದುವರಿಯುವುದಿಲ್ಲ.

ಎರಡೂ ಕಡೆಯ ಸುತ್ತುಗಳು ಒಂದರ ಮೇಲೊಂದು ಬರುತ್ತವೆ. ಎಂಸಿಸಿ ಸೀಟಿಗೆ ಸೇರಿ ಅಸಲು ದಾಖಲೆ ಕೊಟ್ಟವರಿಗೆ ಆಮೇಲೆ ಕೆಇಎಯಲ್ಲಿ ಒಳ್ಳೆಯದು ಸಿಕ್ಕರೆ, ನಿಯಮ ಅವಕಾಶ ಕೊಡುವ ಸುತ್ತಿನೊಳಗೆ, ಕಾಲೇಜಿಗೇ ಹೋಗಿ ರಾಜೀನಾಮೆ ಕೊಡಬೇಕು. ಕಾಲೇಜು ಅದನ್ನು ಎಂಸಿಸಿ ಪೋರ್ಟಲ್‌ನಲ್ಲಿ ದಾಖಲಿಸಿ, ಅಲ್ಲಿಂದ ಬರುವ ಪತ್ರವನ್ನೇ ನಿಮ್ಮ ಕೈಗೆ ಕೊಡಬೇಕು. ಲೆಟರ್‌ಹೆಡ್‌ನಲ್ಲಿ ಬರೆದ ಪತ್ರ ಎಷ್ಟು ದೊಡ್ಡ ಸೀಲ್ ಇದ್ದರೂ ಲೆಕ್ಕಕ್ಕಿಲ್ಲ. ದಾಖಲೆಯಲ್ಲಿ ನೀವು ಇನ್ನೂ ಅಲ್ಲಿಯ ವಿದ್ಯಾರ್ಥಿಯೇ ಆಗಿರುತ್ತೀರಿ, ಕೆಇಎ ನಿಮ್ಮನ್ನು ಕೈಬಿಡುತ್ತದೆ.

ಹಣ, ಕೊನೆಯ ಚೀಲ

ಸೀಟು ಬಂದ ಮೇಲೆ ಶುಲ್ಕ ಕಟ್ಟಲು ಸಿಗುವುದು ಕೆಲವೇ ದಿನ, ನಡುವೆ ಭಾನುವಾರವೂ ಬರುತ್ತದೆ. ಯುಪಿಐ ಮತ್ತು ನೆಟ್ ಬ್ಯಾಂಕಿಂಗ್‌ಗೆ ದಿನದ ಮಿತಿ ಇರುತ್ತದೆ, ಮೊದಲೇ ಬ್ಯಾಂಕಿಗೆ ಹೋಗಿ ಏರಿಸಿಕೊಳ್ಳಿ. ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮ ಮತ್ತು ದೇವರಾಜ ಅರಸು ನಿಗಮದ ‘ಅರಿವು’ ಶಿಕ್ಷಣ ಸಾಲಕ್ಕೆ, ರಾಜ್ಯದ ಎಸ್‌ಎಸ್‌ಪಿ ಪೋರ್ಟಲ್‌ನ ವಿದ್ಯಾರ್ಥಿವೇತನಕ್ಕೆ ಸೀಟು ಸಿಗುವ ತನಕ ಕಾಯದೆ ದಿನಾಂಕ ಗಮನಿಸುತ್ತಿರಿ.

ಕಾಲೇಜಿಗೆ ಒಯ್ಯುವ ಚೀಲದಲ್ಲಿ ಇವಿಷ್ಟೂ ಇರಲಿ: ಪ್ರವೇಶ ಆದೇಶ, ಶುಲ್ಕದ ರಸೀದಿ, ನೀಟ್ ಪ್ರವೇಶಪತ್ರ ಮತ್ತು ಅಂಕಪಟ್ಟಿ, ಎಸ್ಸೆಸ್ಸೆಲ್ಸಿ ಮತ್ತು ಪಿಯು ಅಂಕಪಟ್ಟಿ, ವರ್ಗಾವಣೆ ಪತ್ರ, ವ್ಯಾಸಂಗ ಪ್ರಮಾಣಪತ್ರಗಳು, ಜಾತಿ–ಆದಾಯ, ಗ್ರಾಮೀಣ ಮತ್ತು ಮಾಧ್ಯಮದ ಪತ್ರಗಳು, ವೈದ್ಯಕೀಯ ದೃಢತೆಯ ಪತ್ರ, ಆಧಾರ್, ಅರ್ಜಿಗೆ ಹಾಕಿದ ಅದೇ ಫೋಟೊಗಳು. ಎಲ್ಲದರ ಮೂರು ಸೆಟ್ ಜೆರಾಕ್ಸ್, ಫೋನ್‌ನಲ್ಲಿ ಸ್ಕ್ಯಾನ್ ಪ್ರತಿ. ಸಿಬಿಎಸ್‌ಇ ಅಥವಾ ಬೇರೆ ಮಂಡಳಿಯವರು ವಲಸೆ ಪ್ರಮಾಣಪತ್ರವನ್ನೂ ತರಬೇಕು. ಅಸಲು ದಾಖಲೆಗಳನ್ನು ಕೊಡುವಾಗ ಯಾವ ಯಾವ ಕಾಗದ ಕೊಟ್ಟಿರಿ ಎಂಬ ಪಟ್ಟಿಗೆ ಸ್ವೀಕೃತಿ ಬರೆಸಿಕೊಂಡು, ಸಹಿ ಸೀಲ್ ಹಾಕಿಸಿಕೊಂಡೇ ಕೌಂಟರ್ ಬಿಡಿ.